ಸರ್ವೋಚ್ಚ ನ್ಯಾಯಸ್ಥಾನದ ಕೊನೆಯ ಮಾತು



ಕೆಲವು ದಿನಗಳ ಹಿಂದೆ ನಾನು ತರಗತಿಯಲ್ಲಿ ನಮ್ಮ ದೇಶದ ರಾಜ್ಯಾಂಗವನ್ನು, ಎಂದರೆ ಸಂವಿಧಾನವನ್ನು ಕುರಿತು ಪಾಠ ಹೇಳುತ್ತಿದ್ದೆ. ಮುನ್ಸೀಫರ ತೀರ್ಪು ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಸ್ಥಾನಕ್ಕೆ, ಅಲ್ಲಿಯೂ ಸಮಾಧಾನ ದೊರೆಯದಿದ್ದರೆ ಹೈಕೋರ್ಟಿಗೆ, ಅಲ್ಲಿಂದ ಮುಂದೆ ದೆಹಲಿಯ ಸರ್ವೋಚ್ಚ ನ್ಯಾಯಸ್ಥಾನಕ್ಕೆ ಹೋಗಬಹುದೆಂದು ಒಂದೊಂದೇ ಮೆಟ್ಟಿಲಾಗಿ ವಿವರಿಸಿದೆ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸಾರ್, ಆ ಕೊನೆಯ ಮೆಟ್ಟಿಲಿನಲ್ಲಿಯೇ ತಪ್ಪಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಪಾರಾದೆ. ಆದರೆ ಆ ಪ್ರಶ್ನೆ ಮಾತ್ರ ಮನೆಯವರೆಗೂ ನನ್ನ ಬೆನ್ನು ಹತ್ತಿ ಬಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನೆಂದು ನಮ್ಮ ಹಿರಿಯರು ಕೇಳುತ್ತಿದ್ದುದೂ ಇದನ್ನೇ ಅಲ್ಲವೇ? ಆ ಹುಡುಗನಿಗೆ ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಈ ಹೊತ್ತು ನಿಮ್ಮೆದುರಿಗೆ ಕೊಡಲು ಪ್ರಯತ್ನಿಸುತ್ತೇನೆ.

ಕೊನೆಯ ನ್ಯಾಯಸ್ಥಾನವೊಂದು ನಮ್ಮ ನೆಲದಲ್ಲಿಯೇ ಇರಬೇಕೆಂಬುದು ಬಹುಕಾಲದ ಆಸೆಯಾಗಿತ್ತು. ಬ್ರಿಟಿಷ್ ಇಂಡಿಯಾದ ಹೈಕೋರ್ಟುಗಳಿಂದ ಹೊರಟ ದೊಡ್ಡ ಅಪೀಲುಗಳು ಸಮುದ್ರವನ್ನು ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗುತ್ತಿದ್ದವು. 1935ರ ಶಾಸನದಂತೆ 1937ರಲ್ಲಿ ದೆಹಲಿಯಲ್ಲಿ ಫೆಡರಲ್ ಕೋರ್ಟು ಸ್ಥಾಪಿತವಾಯಿತಾದರೂ ಅದರ ಮೇಲೂ ಲಂಡನ್ನಿನ ಅಧಿಕಾರ ಉಳಿದೇ ಇದ್ದಿತು. 1949ರಲ್ಲಿ ಆ ಸಂಬಂಧ ಕಡಿಯಿತು. 1950ನೆಯ ಇಸವಿ ಜನವರಿ 28ರಂದು, ರಾಜ್ಯಾಂಗವು ಆಚರಣೆಗೆ ಬಂದ ಎರಡು ದಿನಗಳಲ್ಲಿ, ಪಾರ್ಲಿಮೆಂಟು ಭವನದೊಳಗೆ ಹಿಂದೆ ದೇಶೀಯ ಸಂಸ್ಥಾನಗಳ ಅರಸರು ಸಭೆ ಸೇರುತ್ತಿದ್ದ ಮಂದಿರದಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಸ್ಥಾನವು ಉದ್ಘಾಟಿತವಾಯಿತು. ಅರಸರು ಕೂಡುತ್ತಿದ್ದ ಎಡೆಯಲ್ಲಿ ಪ್ರಜೆಯ ಅರ್ಜಿಯನ್ನು ಕೇಳುವ ಪೀಠ ಬಂದು ಕುಳಿತದ್ದು ಆ ಕಾಲದ ಬದಲಾವಣೆಗೆ ತಕ್ಕ ಗುರುತಾಗಿಯೇ ಇದೆ. ಹರಿಲಾಲ್ ಕಣಿಯಾ ಅವರು ಮೊದಲ ಮುಖ್ಯ ನ್ಯಾಯಮೂರ್ತಿಗಳಾದರು. ಮುಖ್ಯ ನ್ಯಾಯಮೂರ್ತಿಗಳೂ ಸೇರಿ ಎಂಟು ಮಂದಿ ಇರತಕ್ಕದ್ದೆಂದು ಆಗ ಗೊತ್ತು ಮಾಡಿದ್ದರು; ಕೆಲಸ ಬೆಳೆದಂತೆ ಆ ಸಂಖ್ಯೆಯನ್ನು ಹೆಚ್ಚಿಸುತ್ತ ಬಂದು 2019ರಲ್ಲಿ 34ಕ್ಕೆ ಏರಿಸಲಾಯಿತು. ಈಗಿರುವ ಕಟ್ಟಡಕ್ಕೆ ನ್ಯಾಯಸ್ಥಾನವು ಬಂದದ್ದು 1958ರಲ್ಲಿ.

ಈ ನ್ಯಾಯಸ್ಥಾನದ ಕೆಲಸಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ಎಣಿಸಬಹುದು. ಮೊದಲನೆಯದು, ಕೇಂದ್ರಕ್ಕೂ ರಾಜ್ಯಗಳಿಗೂ, ಅಥವಾ ರಾಜ್ಯ ರಾಜ್ಯಗಳಿಗೂ ನಡುವೆ ಹಕ್ಕಿನ ವಿವಾದ ಹುಟ್ಟಿದಾಗ ಅದನ್ನು ನೇರವಾಗಿ ವಿಚಾರಿಸುವುದು. ಎರಡನೆಯದು, ಅಪೀಲುಗಳನ್ನು ಕೇಳುವುದು. ಸಿವಿಲ್ ಮತ್ತು ಕ್ರಿಮಿನಲ್ ವ್ಯಾಜ್ಯಗಳಲ್ಲದೆ, ರಾಜ್ಯಾಂಗದ 136ನೆಯ ವಿಧಿಯಂತೆ ದೇಶದ ಯಾವುದೇ ನ್ಯಾಯಸ್ಥಾನದ ಅಥವಾ ನ್ಯಾಯಮಂಡಲಿಯ ನಿರ್ಣಯವನ್ನು ವಿಶೇಷ ಅನುಮತಿ ಕೊಟ್ಟು ಪರಿಶೀಲಿಸುವ ಅಧಿಕಾರ ಅದಕ್ಕೆ ಉಂಟು. ಸೇನಾ ನ್ಯಾಯಮಂಡಲಿಗಳು ಮಾತ್ರ ಅದಕ್ಕೆ ಹೊರತು. ಕಾವೇರಿ ನೀರಿನ ಹಂಚಿಕೆಯ ಬಗ್ಗೆ ನ್ಯಾಯಮಂಡಲಿಯು ಕೊಟ್ಟ ತೀರ್ಮಾನವು ಅಪೀಲಿಗೆ ಹೋಗಿ 2018ನೆಯ ಫೆಬ್ರವರಿಯಲ್ಲಿ ಬದಲಾದದ್ದು ನಿಮ್ಮ ನೆನಪಿನಲ್ಲಿರಬಹುದು. ಮೂರನೆಯದು, ರಾಷ್ಟ್ರಪತಿಗಳು ಯಾವುದಾದರೂ ಗಹನವಾದ ಪ್ರಶ್ನೆಯನ್ನು ಒಪ್ಪಿಸಿ ಅಭಿಪ್ರಾಯ ಕೇಳಿದರೆ ಹೇಳುವುದು. ನಾಲ್ಕನೆಯದೇ ಪ್ರಜೆಗೆ ಎಲ್ಲಕ್ಕಿಂತಲೂ ಹತ್ತಿರವಾದದ್ದು. ತನ್ನ ಮೂಲಭೂತ ಹಕ್ಕಿಗೆ ಧಕ್ಕೆ ಬಂದಿತೆಂದು ತಿಳಿದ ಯಾವ ಪ್ರಜೆಯೇ ಆಗಲಿ, ಕೆಳಗಿನ ಮೆಟ್ಟಿಲುಗಳನ್ನು ಹತ್ತದೆ ನೆಟ್ಟಗೆ ಈ ನ್ಯಾಯಸ್ಥಾನದ ಬಾಗಿಲನ್ನೇ ತಟ್ಟಬಹುದು. ಹೀಗೆಂದು ಹೇಳುವ 32ನೆಯ ವಿಧಿಯನ್ನೇ ಡಾಕ್ಟರ್ ಅಂಬೇಡ್ಕರ್ ಅವರು ಇಡೀ ರಾಜ್ಯಾಂಗದ ಜೀವಾಳವೆಂದು ಬಗೆದಿದ್ದರು. ಇಷ್ಟಲ್ಲದೆ, ಈ ನ್ಯಾಯಸ್ಥಾನವು ನಿರ್ಧರಿಸಿ ಹೇಳಿದ ನ್ಯಾಯಸೂತ್ರವು ದೇಶದ ಇತರ ಎಲ್ಲ ನ್ಯಾಯಸ್ಥಾನಗಳಿಗೂ ಕಟ್ಟುಪಾಡಾಗುತ್ತದೆ.

ಇಷ್ಟೆಲ್ಲ ಅಧಿಕಾರವಿರುವ ಸಂಸ್ಥೆಯ ಕೈಯಲ್ಲಿ ಬಲವಾದರೂ ಏನಿದೆ? ನೋಡಿದರೆ ಆಶ್ಚರ್ಯವಾಗುತ್ತದೆ. ಅದಕ್ಕೆ ತನ್ನದೆಂಬ ದಂಡಿಲ್ಲ, ಪೊಲೀಸು ಪಡೆಯಿಲ್ಲ, ಬೊಕ್ಕಸದ ಬೀಗದ ಕೈಯಿಲ್ಲ. ತೆರಿಗೆ ಹಾಕುವವರು ಬೇರೆ, ದಂಡನ್ನು ನಡಸುವವರು ಬೇರೆ. ಕಪ್ಪು ನಿಲುವಂಗಿಯನ್ನು ತೊಟ್ಟ ಕೆಲವು ಮಂದಿ ಹಿರಿಯರು ಒಂದು ಕಾಗದವನ್ನು ಓದಿ ಎದ್ದುಹೋಗುತ್ತಾರೆ. ಮಂತ್ರಿಮಂಡಲಗಳು ಅದಕ್ಕೆ ತಲೆಬಾಗುತ್ತವೆ. ಆ ಕಾಗದದಲ್ಲಿರುವ ಶಕ್ತಿ ಯಾವುದು? ನನ್ನ ಅಲ್ಪ ತಿಳಿವಳಿಕೆಗೆ ತೋರುವಂತೆ, ಅದು ಕಾರಣವನ್ನು ಹೇಳುವ ಶಕ್ತಿ. ಶಾಸನಸಭೆಯು ಒಂದು ಕಾನೂನನ್ನು ಮಾಡಿದರೆ ಕೈ ಎತ್ತಿದವರ ಎಣಿಕೆಯೇ ಸಾಕು. ಅಧಿಕಾರಿಯು ಒಂದು ಹುಕುಂ ಹೊರಡಿಸಿದರೆ ಅವನ ಮೊಹರು ಸಾಕು. ನ್ಯಾಯಾಧಿಪತಿಗೆ ಮಾತ್ರ ಅಷ್ಟು ಸಾಲದು. ಅವನು ಏಕೆ ಹೀಗೆ ತೀರ್ಮಾನಿಸಿದೆನೆಂಬುದನ್ನು ಸೋತವನಿಗೂ ತಿಳಿಯುವಂತೆ ಬರೆದು ಹೇಳಬೇಕು.

ಈ ಕರ್ತವ್ಯವನ್ನು ನಮ್ಮ ರಾಜ್ಯಾಂಗದ 145ನೆಯ ವಿಧಿಯು ಮೂರು ಮಾತುಗಳಲ್ಲಿ ಭದ್ರಪಡಿಸಿದೆ. ರಾಜ್ಯಾಂಗದ ಅರ್ಥವನ್ನು ಕುರಿತ ಮುಖ್ಯ ಪ್ರಶ್ನೆಯನ್ನು ಐದು ಮಂದಿಗೆ ಕಡಮೆಯಿಲ್ಲದ ಪೀಠವು ವಿಚಾರಿಸಬೇಕು. ತೀರ್ಪನ್ನು ಬಹಿರಂಗವಾಗಿ, ತೆರೆದ ನ್ಯಾಯಸ್ಥಾನದಲ್ಲಿಯೇ ಹೇಳಬೇಕು. ಬಹುಮತದ ತೀರ್ಮಾನವೇ ನಿಲ್ಲುವುದಾದರೂ, ಒಪ್ಪದ ನ್ಯಾಯಾಧಿಪತಿಯು ತನ್ನ ಭಿನ್ನಾಭಿಪ್ರಾಯವನ್ನು ಬೇರೆಯಾಗಿ ಬರೆಯುವುದಕ್ಕೆ ಅಡ್ಡಿಯಿಲ್ಲ. ಈ ಮೂರನೆಯ ಮಾತಿನ ಮೇಲೆ ನಿಮ್ಮ ಗಮನವಿರಲಿ. ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಅಡಗಿರುವುದು ಅಲ್ಲಿಯೇ.

ಮೊದಲು ಈ ನ್ಯಾಯಸ್ಥಾನವು ಅತ್ಯಂತ ಎತ್ತರದಲ್ಲಿ ನಿಂತ ಒಂದು ಪ್ರಸಂಗವನ್ನು ಹೇಳುತ್ತೇನೆ. ಅದರ ಬೇರು ಇರುವುದು ಕನ್ನಡ ತುಳುಗಳು ಬೆರೆತು ಬಾಳುವ ಕಾಸರಗೋಡಿನ ಸೀಮೆಯಲ್ಲಿ. ಅಲ್ಲಿಯ ಎಡನೀರು ಮಠವು ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವೆಂದು ಹೆಸರಾದದ್ದು. ಕೇರಳದ ಭೂಸುಧಾರಣೆಯ ಕಾನೂನುಗಳಿಂದ ಮಠದ ಜಮೀನು ಹೋಗುವ ಸಂದರ್ಭ ಬಂದಾಗ, ಆಗಿನ್ನೂ ಮೂವತ್ತು ವರ್ಷ ತುಂಬದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ 32ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಸ್ಥಾನಕ್ಕೆ ಅರ್ಜಿ ಹಾಕಿದರು. ಅದು ವಿಚಾರಣೆಗೆ ಬರುವುದರೊಳಗೆ ಪಾರ್ಲಿಮೆಂಟು ರಾಜ್ಯಾಂಗಕ್ಕೇ ಕೆಲವು ತಿದ್ದುಪಡಿಗಳನ್ನು ಮಾಡಿತು. ಮಠದ ಗದ್ದೆಯ ವ್ಯಾಜ್ಯವು ಹೀಗೆ ಇಡೀ ದೇಶದ ವ್ಯಾಜ್ಯವಾಯಿತು: ರಾಜ್ಯಾಂಗವನ್ನು ತಿದ್ದುವ ಪಾರ್ಲಿಮೆಂಟಿನ ಅಧಿಕಾರಕ್ಕೆ ಎಲ್ಲೆಯುಂಟೆ, ಇಲ್ಲವೆ? ಹದಿಮೂರು ಮಂದಿ ನ್ಯಾಯಮೂರ್ತಿಗಳ ಪೀಠವು 68 ದಿನಗಳ ಕಾಲ ವಾದವನ್ನು ಕೇಳಿತು. ಅದಕ್ಕಿಂತ ದೊಡ್ಡ ಪೀಠವು ಈ ನ್ಯಾಯಸ್ಥಾನದ ಚರಿತ್ರೆಯಲ್ಲಿ ಕುಳಿತದ್ದಿಲ್ಲ. 1973ನೆಯ ಏಪ್ರಿಲ್ 24ರಂದು, ಏಳು ಮಂದಿ ಒಂದು ಕಡೆ, ಆರು ಮಂದಿ ಒಂದು ಕಡೆಯಾಗಿ ತೀರ್ಪು ಬಂದಿತು. ಪಾರ್ಲಿಮೆಂಟು ರಾಜ್ಯಾಂಗದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬುದೇ ಅದರ ಸಾರ. ಮನೆಯ ಯಜಮಾನನು ಗೋಡೆ ಒಡೆಯಬಹುದು, ಕಿಟಕಿ ಇಡಬಹುದು, ಮಹಡಿ ಎಬ್ಬಿಸಬಹುದು. ತಳಪಾಯವನ್ನು ಕಿತ್ತು ಅದನ್ನೂ ದುರಸ್ತಿಯೆಂದು ಕರೆಯುವ ಹಾಗಿಲ್ಲ. ಒಂದೇ ಒಂದು ಮತದ ಅಂತರದಿಂದ ನಿಂತ ಈ ಸೂತ್ರವು ಅಂದಿನಿಂದ ನಮ್ಮ ರಾಜ್ಯಾಂಗಕ್ಕೆ ಕಾವಲಾಗಿದೆ. ಸ್ವಾಮಿಗಳಿಗೆ ಜಮೀನಿನ ಮಟ್ಟಿಗೆ ಇದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ನಾಡಿನವರು "ಗೆದ್ದವನು ಸೋತ, ಸೋತವನು ಸತ್ತ" ಎಂದು ಕಚೇರಿಯ ವ್ಯವಹಾರವನ್ನು ಹಳಿಯುವುದುಂಟು. ಇಲ್ಲಿ ಮಾತ್ರ ಅರ್ಜಿದಾರರಿಗೆ ದಕ್ಕದ ಗೆಲುವು ದೇಶಕ್ಕೆ ದಕ್ಕಿತು.

ಆ ಗೆಲುವಿನ ಬೆಲೆಯನ್ನೂ ಮರೆಯಲಾಗದು. ತೀರ್ಪು ಬಂದ ಮಾರನೆಯ ದಿನವೇ, ಬಹುಮತದ ಪಕ್ಷದಲ್ಲಿದ್ದ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ, ಅವರಿಗಿಂತ ಕಿರಿಯರಾದವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಸರ್ಕಾರವು ನೇಮಿಸಿತು. ಆ ಮೂವರಲ್ಲಿ ಒಬ್ಬರು ಕಾರ್ಕಳ ಸೀಮೆಯವರಾದ ಕೆ. ಎಸ್. ಹೆಗ್ಡೆಯವರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಇನ್ನು ಈ ನ್ಯಾಯಸ್ಥಾನವು ಜಾರಿ ಬಿದ್ದ ಪ್ರಸಂಗ. 1975ನೆಯ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಿಚಾರಣೆಯಿಲ್ಲದೆ ಜನರನ್ನು ಹಿಡಿದು ಸೆರೆಮನೆಗೆ ಹಾಕಿದರು. ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಇಲ್ಲಿಯ ಸೆರೆಮನೆಯಲ್ಲಿಯೇ ಇದ್ದು ಕರ್ನಾಟಕದ ಹೈಕೋರ್ಟಿಗೆ ಅರ್ಜಿ ಹಾಕಿದ್ದರು. ಸೆರೆಯಾದವನನ್ನು ಯಾವ ಕಾನೂನಿನಂತೆ ಹಿಡಿದಿರಿ ಎಂದು ಸರ್ಕಾರವನ್ನು ಕೇಳುವ ಅಧಿಕಾರ ನ್ಯಾಯಸ್ಥಾನಗಳಿಗೆ ಆಗಲೂ ಉಂಟೆಂದು ದೇಶದ ಒಂಬತ್ತು ಹೈಕೋರ್ಟುಗಳು ಹೇಳಿದವು. ಅವುಗಳಲ್ಲಿ ನಮ್ಮದೂ ಒಂದು. ಸರ್ಕಾರವು ಸರ್ವೋಚ್ಚ ನ್ಯಾಯಸ್ಥಾನಕ್ಕೆ ಅಪೀಲು ಹೋಯಿತು. ಐವರು ನ್ಯಾಯಮೂರ್ತಿಗಳು ಕುಳಿತರು. ಒಬ್ಬ ಪೊಲೀಸಿನವನು ಸ್ವಂತ ಹಗೆಯಿಂದ ಒಬ್ಬನ ಪ್ರಾಣವನ್ನು ತೆಗೆದರೂ ನ್ಯಾಯಸ್ಥಾನಕ್ಕೆ ಹೋಗುವ ದಾರಿಯಿಲ್ಲವೆ ಎಂದು ಅವರಲ್ಲಿ ಒಬ್ಬರಾದ ಹಂಸರಾಜ್ ಖನ್ನಾ ಅವರು ಕೇಳಿದಾಗ, ತಮ್ಮ ವಾದದಂತೆ ಇಲ್ಲವೆಂದೇ ಸರ್ಕಾರದ ಅಟಾರ್ನಿ ಜನರಲ್ ಅವರು ಒಪ್ಪಬೇಕಾಯಿತು. ಆದರೂ 1976ನೆಯ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪಕ್ಷವನ್ನೇ ಎತ್ತಿಹಿಡಿದರು. ಪ್ರಜೆಯು ಬಂದು ತಟ್ಟಬೇಕಾದ ಬಾಗಿಲು ಒಳಗಿನಿಂದಲೇ ಮುಚ್ಚಿಹೋಯಿತು.

ಖನ್ನಾ ಅವರೊಬ್ಬರು ಒಪ್ಪಲಿಲ್ಲ. ಜೀವ ಮತ್ತು ಸ್ವಾತಂತ್ರ್ಯಗಳ ಹಕ್ಕು 21ನೆಯ ವಿಧಿಯು ಬರೆದುಕೊಟ್ಟದ್ದರಿಂದ ಮಾತ್ರ ಹುಟ್ಟಿದ್ದಲ್ಲ. ಆ ವಿಧಿಯನ್ನು ತಡೆಹಿಡಿದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಅಧಿಕಾರ ಸರ್ಕಾರಕ್ಕೆ ಬರುವುದಿಲ್ಲ. ಇದು ಅವರ ವಾದ. ಮೂರು ವರ್ಷಗಳ ಹಿಂದೆ ಕೇಶವಾನಂದರ ವ್ಯಾಜ್ಯದಲ್ಲಿ ಬಹುಮತಕ್ಕೆ ಸಂದಿದ್ದ ಏಳು ಮತಗಳಲ್ಲಿ ಒಂದು ಇವರದೇ ಆಗಿತ್ತು. ಆಗ ಅವರ ಮತದಿಂದ ತಕ್ಕಡಿ ತೂಗಿತು, ಈಗ ತೂಗಲಿಲ್ಲ. 1977ನೆಯ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸ್ಥಾನವು ಹಿರಿತನದಂತೆ ಅವರಿಗೆ ಬರಬೇಕಾಗಿದ್ದಾಗ ಅದು ಇನ್ನೊಬ್ಬರಿಗೆ ಹೋಯಿತು. ಖನ್ನಾ ಅವರು ರಾಜೀನಾಮೆ ಕೊಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಹುಡುಗನ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ಅದು ಮುಗಿಯಲಿಲ್ಲ. 1977ರಲ್ಲಿ ಪ್ರಜೆಗಳು ಮತದ ಮೂಲಕ ತಮ್ಮ ತೀರ್ಪನ್ನು ಕೊಟ್ಟರು. ಹೊಸ ಪಾರ್ಲಿಮೆಂಟು 1978ರ 44ನೆಯ ತಿದ್ದುಪಡಿಯಿಂದ, ಎಂಥ ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯಗಳ ಹಕ್ಕನ್ನು ತಡೆಹಿಡಿಯಲಾಗದಂತೆ ಮಾಡಿತು. ಆದರೂ 1976ರ ತೀರ್ಪು ಪುಸ್ತಕದಲ್ಲಿ ಹಾಗೆಯೇ ಇದ್ದಿತು. ಅದರ ಪಕ್ಕದಲ್ಲಿಯೇ ಖನ್ನಾ ಅವರ ಭಿನ್ನಾಭಿಪ್ರಾಯವೂ ಇದ್ದಿತು. ವರ್ಷವರ್ಷವೂ ಕಾನೂನಿನ ವಿದ್ಯಾರ್ಥಿಗಳು ಎರಡನ್ನೂ ಓದಿದರು, ಓದಿದವರು ವಕೀಲರಾದರು, ವಕೀಲರಾದವರಲ್ಲಿ ಕೆಲವರು ನ್ಯಾಯಾಧಿಪತಿಗಳಾದರು. ಬಹುಮತದಲ್ಲಿದ್ದ ಭಗವತಿಯವರು 2011ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ತಾವು ಅಂದು ಮಾಡಿದ್ದು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು.

ಮುಂದೆ ಈ ಬಾಗಿಲನ್ನು ಮತ್ತೆ ತಟ್ಟಿದವರು ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಮನುಷ್ಯನಿಗೆ ಖಾಸಗಿ ಬದುಕಿನ ಹಕ್ಕು ರಾಜ್ಯಾಂಗದಲ್ಲಿ ಉಂಟೆ ಎಂಬ ಪ್ರಶ್ನೆ ಅದರಿಂದ ಎದ್ದಿತು. 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿಯ ಪೀಠವು ಏಕಕಂಠದಿಂದ ಉಂಟೆಂದು ಹೇಳಿತು. ಅದೇ ಸಂದರ್ಭದಲ್ಲಿ 1976ರ ತೀರ್ಪನ್ನು ತಪ್ಪೆಂದು ಸಾರಿ ತೊಡೆದುಹಾಕಿತು. ಹಾಗೆ ಬರೆದವರು ಯಾರೆಂಬುದನ್ನೂ ಹೇಳಬೇಕು. 1976ರ ಬಹುಮತದಲ್ಲಿ ಯಶವಂತ ಚಂದ್ರಚೂಡರು ಇದ್ದರು. 2017ರಲ್ಲಿ ಅದನ್ನು ತಪ್ಪೆಂದು ಬರೆದವರು ಅವರ ಮಗ ಧನಂಜಯ ಚಂದ್ರಚೂಡರು. ತಂದೆಯ ಮಾತಿಗೆ ತಪ್ಪಬಾರದೆಂದು ನಮ್ಮ ಪುರಾಣಗಳು ಸಾರುತ್ತವೆ. ನ್ಯಾಯಪೀಠದ ಮೇಲೆ ಕುಳಿತವನಿಗೆ ತಂದೆಯ ಮಾತಿಗಿಂತಲೂ ಹಿರಿದಾದ ಒಂದು ಋಣವುಂಟೆಂಬುದನ್ನು ಈ ಪ್ರಸಂಗವು ತೋರಿಸಿತು.

ಇದನ್ನು ಕೇಳಿ ಎಲ್ಲವೂ ಸರಿಹೋಯಿತೆಂದು ತೃಪ್ತಿಪಡುವುದು ನ್ಯಾಯವಾಗದು. 1976ರಿಂದ 2017ಕ್ಕೆ 41 ವರ್ಷ. ಅಂದು ಸೆರೆಮನೆಯ ಗೋಡೆಯ ಹಿಂದೆ ಕಾದಿದ್ದವನಿಗೆ ಈ ತಿದ್ದುಪಾಟಿನಿಂದ ಒಂದು ದಿನವೂ ಮರಳಿ ಬರಲಿಲ್ಲ. ನಮ್ಮ ರಾಜ್ಯದ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು 1989ನೆಯ ಏಪ್ರಿಲಿನಲ್ಲಿ ವಜಾ ಮಾಡಿದರು. ಬಹುಮತವಿದೆಯೋ ಇಲ್ಲವೋ ಎಂಬುದನ್ನು ಗೊತ್ತು ಮಾಡಬೇಕಾದ ಸ್ಥಳ ಶಾಸನಸಭೆಯ ಅಂಗಳವೇ ಹೊರತು ರಾಜ್ಯಪಾಲರ ಭವನವಲ್ಲವೆಂಬ ತೀರ್ಪು ಬಂದದ್ದು 1994ನೆಯ ಮಾರ್ಚಿಯಲ್ಲಿ. ಮುಂದಿನ ಮಂತ್ರಿಮಂಡಲಗಳಿಗೆ ಅದು ರಕ್ಷೆಯಾಯಿತು. ಬೊಮ್ಮಾಯಿಯವರಿಗೆ ಹೋದ ಅಧಿಕಾರ ಬರಲಿಲ್ಲ. ತಡವಾಗಿ ಬಂದ ನ್ಯಾಯವು ಮುಂದಿನವರಿಗೆ ದೀಪವಾಗಬಹುದು. ಕತ್ತಲಲ್ಲಿ ಎಡವಿ ಬಿದ್ದವನಿಗೆ ಆದ ಗಾಯವನ್ನು ಅದು ಮಾಯಿಸಲಾರದು. ಆದಕಾರಣ ತಪ್ಪನ್ನು ತಿದ್ದುವ ದಾರಿ ಇದೆಯೆಂಬ ಸಮಾಧಾನವು, ಮೊದಲು ತಪ್ಪದೆ ಇರಬೇಕಾದ ಹೊಣೆಯನ್ನು ಹಗುರ ಮಾಡಬಾರದು.

ಈಗ ಆ ವಿದ್ಯಾರ್ಥಿಗೆ ನನ್ನ ಉತ್ತರ. ಅಪ್ಪಾ, ಕೊನೆಯ ಮೆಟ್ಟಿಲೆಂದರೆ ತಪ್ಪೇ ಮಾಡದ ಮೆಟ್ಟಿಲೆಂದು ಅರ್ಥವಲ್ಲ. ವ್ಯಾಜ್ಯಗಳು ಎಲ್ಲಿಯಾದರೂ ಮುಗಿಯಲೇಬೇಕು. ಮುಗಿಯುವುದಕ್ಕೊಂದು ಸ್ಥಳ ಬೇಕು. ಅದಕ್ಕೋಸ್ಕರ ಅದು ಕೊನೆಯದು. ಅದು ತಪ್ಪಿದರೆ, ಪುನರ್ವಿಮರ್ಶೆ ಮಾಡೆಂದು ಅದನ್ನೇ ಕೇಳಬಹುದು. ಅದೂ ವಿಫಲವಾದರೆ ಅಪರೂಪದ ಸಂದರ್ಭಗಳಲ್ಲಿ ಇನ್ನೊಂದು ಪರಿಹಾರಾರ್ಜಿಗೆ 2002ರಿಂದ ಅವಕಾಶವಿದೆ. ಅದನ್ನೂ ಮೀರಿದ ಅಪೀಲೊಂದು ಉಂಟು. ತೀರ್ಪಿನ ಕಾರಣಗಳೂ, ಒಪ್ಪದವನ ಕಾರಣಗಳೂ ಎಲ್ಲರ ಕಣ್ಣಿಗೆ ಕಾಣುವಂತೆ ಬರೆದಿಟ್ಟಿರುವುದರಿಂದ, ಮುಂದೆ ಓದುವವರೇ ಅದನ್ನು ಕೇಳತಕ್ಕವರು. ಆದರೆ ಓದುವವರೇ ಇಲ್ಲದಿದ್ದರೆ ಆ ಅಪೀಲು ಯಾರ ಮುಂದೆ ನಿಲ್ಲಬೇಕು?

ವಿದ್ಯಾವಂತರಾದ ನಾವು ಪತ್ರಿಕೆಯಲ್ಲಿ ತೀರ್ಪಿನ ಸುದ್ದಿ ಬಂದ ಕೂಡಲೇ ಯಾರು ಗೆದ್ದರು, ಯಾರು ಸೋತರು ಎಂದು ನೋಡಿ ಪುಟ ತಿರುವುತ್ತೇವೆ. ಏಕೆ ಎಂದು ಕೇಳುವುದು ಅಪರೂಪ. ಆ ನ್ಯಾಯಸ್ಥಾನದ ಭಾಷೆ ಇಂಗ್ಲಿಷು, ನಿಜ. ಆದರೆ 2019ರಿಂದ ಕೆಲವು ತೀರ್ಪುಗಳು ಕನ್ನಡದಲ್ಲಿಯೂ ದೊರೆಯತೊಡಗಿದವು. 2022ರಿಂದ ದೊಡ್ಡ ಪೀಠಗಳ ಮುಂದೆ ನಡೆಯುವ ವಾದವನ್ನು ಮನೆಯಲ್ಲಿ ಕುಳಿತೇ ನೋಡುವ ಅನುಕೂಲವಾಯಿತು. ಬಾಗಿಲು ಮೊದಲಿಗಿಂತ ತೆರೆದಿದೆ. ದಂಡಿಲ್ಲದ, ಬೊಕ್ಕಸವಿಲ್ಲದ ಆ ಸಂಸ್ಥೆಗೆ ಒಂದು ದಿನ ಕಷ್ಟ ಬಂದರೆ, ಅದರ ಮಾತಿನ ಕಾರಣವನ್ನು ಬಲ್ಲ ಪ್ರಜೆಗಳೇ ಅದರ ದಂಡು. ಅದು ದಾರಿ ತಪ್ಪಿದ ದಿನ ಅದನ್ನು ಎಚ್ಚರಿಸತಕ್ಕವರೂ ಅವರೇ.

ಮುಂದಿನ ವಾರ ತರಗತಿಗೆ ಹೋಗುವಾಗ ಖನ್ನಾ ಅವರ ಭಿನ್ನಾಭಿಪ್ರಾಯದ ಕೆಲವು ಹಾಳೆಗಳನ್ನು ಜೊತೆಯಲ್ಲಿ ಕೊಂಡೊಯ್ಯಬೇಕೆಂದಿದ್ದೇನೆ. ಹಿಂದಿನ ಬೆಂಚಿನ ಆ ಹುಡುಗನ ಕೈಯಲ್ಲಿಯೇ ಅದನ್ನು ಗಟ್ಟಿಯಾಗಿ ಓದಿಸಬೇಕೆಂದು ನನ್ನ ಇಚ್ಛೆ. ಗಂಟೆ ಬಾರಿಸಿದರೂ ಈ ಸಲ ಎದ್ದುಹೋಗುವುದಿಲ್ಲ.